ಕಂದು ಕೋಣೆಯ ಬಾಬೆಟ್

ಡಾಯ್ಬ್ಲರ್ ಕಾರ್ಖಾನೆಯ ಬಣ್ಣದ ಪೆನ್ಸಿಲ್ ಡಬ್ಬಿಯನ್ನು ತೆರೆದವರೆಲ್ಲ ಮೊದಲು ಅದನ್ನು ಮೂಗಿಗೆ ಹಿಡಿದು, ಆಹಾ, ಎಂಥ ಪರಿಮಳ ಎನ್ನುತ್ತಾರೆ. ಅದು ಅಮೆರಿಕದಿಂದ ಹಡಗಿನಲ್ಲಿ ಬರುವ ದೇವದಾರು ಮರದ ಪರಿಮಳ. ಮರದೊಳಗಿನ ಬಣ್ಣದ ಕಡ್ಡಿ ಎಲ್ಲಿಂದ ಬಂತು, ಅದರ ವಾಸನೆ ಹೇಗಿತ್ತು ಎಂದು ಯಾರೂ ಕೇಳಿದವರಲ್ಲ. ಕೇಳಿದ್ದರೆ ಡಬ್ಬಿ ಮುಚ್ಚಿ ಕೈ ತೊಳೆದುಕೊಳ್ಳುತ್ತಿದ್ದರು. ರೆಡ್ನಿಟ್ಸ್ ನದಿಯ ದಡದ ನಮ್ಮ ಊರಿನಲ್ಲಿ ದನದ ಕೊಬ್ಬು ಕಾಯಿಸುವ ನಾತ ವರ್ಷದ ಮುನ್ನೂರು ದಿನ ಸುತ್ತುತ್ತಿತ್ತು. ಒಗೆದು ಹಾಕಿದ ಬಟ್ಟೆಗೂ ಅದೇ ನಾತ, ಬ್ರೆಡ್ಡಿಗೂ ಅದೇ, ಇಗರ್ಜಿಯಲ್ಲಿ ಬಾಯಿ ತೆರೆದು ಹಾಡುವವರ ಉಸಿರಿಗೂ ಅದೇ.

ಈ ನಾತದೊಳಗೇ ಬಾಬೆಟ್ ಲೋನರ್ ನಲವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದಳು. ಹದಿನಾಲ್ಕನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ, ಇನ್ನೂ ಆರು ಹುಡುಗಿಯರ ಜೊತೆ ಕಾರ್ಖಾನೆಯ ಗೇಟಿನಲ್ಲಿ ಸಾಲಾಗಿ ನಿಂತಿದ್ದಳು. ಆಗಿನ ಮೇಸ್ತ್ರಿ ಒಬ್ಬೊಬ್ಬಳ ಕೈ ಹಿಡಿದು ಉಗುರು ನೋಡುತ್ತ ಬಂದ. ಹಿಂದಿನ ದಿನ ಬಾಬೆಟ್ ಅಪ್ಪನ ಜೊತೆ ಆಲೂಗಡ್ಡೆ ಅಗೆದಿದ್ದಳು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಮಣ್ಣು ಹೋಗಿರಲಿಲ್ಲ.

"ಏನಮ್ಮ, ಮನೇಲೇ ಬಣ್ಣ ಹಚ್ಕೊಂಡ್ ಬಂದಿದೀಯ," ಎಂದು ಮೇಸ್ತ್ರಿ ನಕ್ಕ. "ಇವಳನ್ನ ಕೆಳಗೆ ಕಳಿಸ್ರೋ, ಕಂದು ಕೋಣೆಗೆ. ಹೊಸದಾಗಿ ಗಲೀಜು ಮಾಡೋ ಖರ್ಚು ಉಳೀತು."

ಎಲ್ಲರೂ ನಕ್ಕರು. ಬಾಬೆಟ್‌ಗೆ ನೀಲಿ ಕೋಣೆಯ ಆಸೆಯಿತ್ತು, ಏಕೆಂದರೆ ನೀಲಿ ಕೋಣೆಯ ಹುಡುಗಿಯರು ಜಡೆಗೆ ನೀಲಿ ರಿಬ್ಬನ್ ಕಟ್ಟುತ್ತಿದ್ದರು. ಆ ಆಸೆ ಅಲ್ಲಿಗೆ ಮುಗಿಯಿತು. ನಮ್ಮ ಕಾರ್ಖಾನೆಯಲ್ಲಿ ಒಮ್ಮೆ ಒಂದು ಬಣ್ಣ ಸಿಕ್ಕಿತೆಂದರೆ ಅದು ಸಾಯುವ ತನಕ.

ಈ ಪದ್ಧತಿ ಕೆಮ್ಮಣ್ಣಿನ ತುಂಡನ್ನು ಮರದ ಸಂದಿಗೆ ತುರುಕಿ ಬಡಗಿಗಳಿಗೆ ಮಾರುತ್ತಿದ್ದ ಅಜ್ಜಂದಿರ ಕಾಲದಿಂದ ಬಂದದ್ದಲ್ಲ. ಆಗ ಇದ್ದದ್ದೇ ಒಂದು ಬಣ್ಣ. ಇಪ್ಪತ್ತನಾಲ್ಕು, ನಲವತ್ತೆಂಟು ಬಣ್ಣಗಳ ಡಬ್ಬಿ ಮಾಡಲು ಹೊರಟಾಗ ಇದು ಹುಟ್ಟಿತು. ಮೇಲಿನ ಅಂತಸ್ತಿನಲ್ಲಿ ಬಿಳಿ ಕೋಣೆ. ಅದರ ಕೆಳಗೆ ಹಳದಿ, ಕಿತ್ತಳೆ, ಕೆಂಪು. ಇನ್ನೂ ಕೆಳಗೆ ಹಸಿರು, ನೀಲಿ. ನೆಲಮಾಳಿಗೆಯಲ್ಲಿ, ಪಾಯಿಖಾನೆಯ ಪಕ್ಕಕ್ಕೆ, ಕಂದು ಮತ್ತು ಕಪ್ಪು. ಮೇಲಿನವರು ಕೆಳಗಿಳಿಯಬಹುದು, ಕೆಳಗಿನವರು ಮೇಲೆ ಹತ್ತುವಂತಿಲ್ಲ. ಬಿಳಿ ಕೋಣೆಗೆ ಬೇರೆ ಮೆಟ್ಟಿಲು, ಅದಕ್ಕೆ ಬಿಳಿ ಬಣ್ಣ ಬಳಿದ ಕಟಕಟೆ. ಕೋಟು ನೇತುಹಾಕುವ ಮೊಳೆ ಬೇರೆ, ಕೈ ತೊಳೆಯುವ ತೊಟ್ಟಿ ಬೇರೆ, ಮಧ್ಯಾಹ್ನ ಕೂತು ತಿನ್ನುವ ಬೆಂಚು ಬೇರೆ.

ಬಣ್ಣದ ಮಟ್ಟಿಗೆ ಇದು ನ್ಯಾಯವೇ. ಒಂದು ಚಿಟಿಕೆ ಕಂದು ಬಿದ್ದರೆ ಒಂದು ಕೊಪ್ಪರಿಗೆ ಬಿಳಿ ಹಾಳು, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಕೊಪ್ಪರಿಗೆಗೆ ಇದ್ದ ನಿಯಮ ಬೆಂಚಿಗೆ ಬಂತು, ಬೆಂಚಿನಿಂದ ಇಗರ್ಜಿಯ ಪೀಠಗಳಿಗೆ ಹೋಯಿತು, ಅಲ್ಲಿಂದ ಮದುವೆಯ ಮಾತುಕತೆಗೆ ಹೋಯಿತು. ಹಳದಿ ಕೋಣೆಯ ಹುಡುಗನಿಗೆ ಕಂದು ಕೋಣೆಯ ಹುಡುಗಿಯನ್ನು ತರುವವರು ನಮ್ಮೂರಲ್ಲಿ ಇರಲಿಲ್ಲ. ಕೇಳಿದರೆ, ಅಯ್ಯೋ ಹಾಸಿಗೆ ಬಟ್ಟೆ ಹಾಳಾಗುತ್ತಲ್ಲ ಎನ್ನುತ್ತಿದ್ದರು. ಥೂ, ಅದನ್ನು ಹೇಳುವಾಗ ಅವರ ಮುಖದಲ್ಲಿ ನಾಚಿಕೆಯ ಸುಳಿವೂ ಇರುತ್ತಿರಲಿಲ್ಲ.

ಕಂದು ಕೋಣೆಯ ಕೆಲಸ ಹೀಗಿತ್ತು. ಕಾಸೆಲ್ ಕಡೆಯ ಜೌಗಿನಿಂದ ಮೂಟೆಯಲ್ಲಿ ಬಂದ ಕಂದು ಮಣ್ಣು, ಅದಕ್ಕೆ ಬಿಳಿ ಜೇಡಿ, ಮರದ ಅಂಟು, ನೀರು. ಕಲಸಿ, ಅರೆದು, ಮತ್ತೆ ಕಲಸಿ, ಶ್ಯಾವಿಗೆ ಒರಳಿನಂಥ ಒಂದು ಯಂತ್ರಕ್ಕೆ ತುಂಬಿ ಒತ್ತಿದರೆ ಕೆಳಗಿನಿಂದ ಎಳೆ ಎಳೆಯಾಗಿ ಇಳಿಯುತ್ತಿತ್ತು. ಕಂದು ಎಳೆ ಇಳಿಯುವುದನ್ನು ನೋಡಿದವರು ಏನೆನ್ನುತ್ತಿದ್ದರು ಎಂದು ಬರೆಯಬೇಕಾಗಿಲ್ಲ. ಅದೇ ಹೆಸರಿನಿಂದಲೇ ಇಡೀ ಕಾರ್ಖಾನೆ ಆ ಕೋಣೆಯನ್ನು ಕರೆಯುತ್ತಿತ್ತು.

ಕಪ್ಪು ಸೀಸದ ಕಡ್ಡಿಯಾದರೆ ಒಲೆಯಲ್ಲಿ ಸುಡುತ್ತಾರೆ. ಬಾಬೆಟ್‌ಳ ಗಂಡ ಕೊನ್ರಾಡ್ ಆ ಒಲೆಯವನಾಗಿದ್ದ. ಮಗಳು ಎರ್ನಾಗೆ ಆರು ವರ್ಷವಾದಾಗ ಯುದ್ಧಕ್ಕೆ ಹೋಗಿ ಅಲ್ಲೇ ಉಳಿದ. ಬಣ್ಣದ ಕಡ್ಡಿಗೆ ಒಲೆ ತೋರಿಸುವಂತಿಲ್ಲ, ಬಣ್ಣವೇ ಸುಟ್ಟುಹೋಗುತ್ತದೆ. ಅದನ್ನು ಬರೀ ಒಣಗಿಸಿ, ಕುದಿಯುವ ಕೊಬ್ಬು ಮತ್ತು ಮೇಣದಲ್ಲಿ ಮುಳುಗಿಸಿಡಬೇಕು. ಕೊಬ್ಬು ಕುಡಿದರೇ ಕಡ್ಡಿ ಕಾಗದದ ಮೇಲೆ ಜಾರುವುದು. ಕುಡಿದಿದೆಯೋ ಇಲ್ಲವೋ ತಿಳಿಯಲು ದಾರಿ ಒಂದೇ. ಕಡ್ಡಿ ಮುರಿದು, ಮುರಿದ ತುದಿಯನ್ನು ನಾಲಗೆಗೆ ಮುಟ್ಟಿಸಬೇಕು. ಒಣ ಜೇಡಿಯಾದರೆ ನಾಲಗೆಗೆ ಅಂಟಿಕೊಳ್ಳುತ್ತದೆ. ಅಂಟದಿದ್ದರೆ ಒಳಗಿನ ತನಕ ಕೊಬ್ಬು ಇಳಿದಿದೆ ಎಂದರ್ಥ.

ಆ ನಾಲಗೆ ಬಾಬೆಟ್‌ಳದು. ದಿನಕ್ಕೆ ಮುನ್ನೂರು ಕಡ್ಡಿ. ಬರೀ ಕಂದು ಅಲ್ಲ. ಮೇಲಿನ ಕೋಣೆಗಳವರಿಗೆ ನೆಕ್ಕುವುದೆಂದರೆ ಹೇಸಿಗೆ, ಅದಕ್ಕೆ ಅವರೆಲ್ಲ ತಮ್ಮ ಮಾದರಿ ಕಡ್ಡಿಗಳನ್ನು ಬುಟ್ಟಿಯಲ್ಲಿಟ್ಟು ಹಗ್ಗದಿಂದ ಕೆಳಗಿಳಿಸುತ್ತಿದ್ದರು. ಬಿಳಿ ಕೋಣೆಯ ಬುಟ್ಟಿಯೂ ಇಳಿಯುತ್ತಿತ್ತು. ಬಾಬೆಟ್ ನೆಕ್ಕಿ ಸರಿ ಎಂದರೆ ಮಾತ್ರ ಆ ಮಾಲು ಮರದೊಳಗೆ ಹೋಗುತ್ತಿತ್ತು. ನೆಕ್ಕಿದ ತುಂಡನ್ನು ಕಸಕ್ಕೆ ಎಸೆಯುತ್ತಿದ್ದರು. ಅವಳ ನಾಲಗೆ ಬುಡದ ತನಕ ಕಂದಾಗಿತ್ತು. ಭಾನುವಾರ ಹಂದಿಯ ಹೆಗಲು ಹುರಿದು, ಆಲೂಗಡ್ಡೆ ಉಂಡೆಯ ಜೊತೆ ಊರೆಲ್ಲ ಚಪ್ಪರಿಸಿ ತಿನ್ನುವಾಗ, ಅವಳು ಆ ಕೊಬ್ಬಿನ ಪದರ ನೋಡಿದರೇ ಮುಖ ತಿರುಗಿಸುತ್ತಿದ್ದಳು. ಅವಳು ಹುಳಿ ಎಲೆಕೋಸು ತಿಂದು ಎದ್ದುಬಿಡುತ್ತಿದ್ದಳು.

ಎರ್ನಾಗೆ ಹದಿನಾರಾಯಿತು. ತೆಳು ಬೆರಳು, ನೀಟು ಉಗುರು. ಬಿಳಿ ಕೋಣೆಯ ಮುಖ್ಯಸ್ಥೆ ಒಟ್ಟೀಲಿ ಎಂಬವಳು ಹುಡುಗಿಯನ್ನು ಇಗರ್ಜಿಯಲ್ಲಿ ಕಂಡು, ಇವಳು ನಮಗೆ ಬೇಕು ಎಂದು ಹೇಳಿ ಕಳಿಸಿದಳು. ಐವತ್ತು ದಾಟಿದ, ಮದುವೆಯಾಗದ, ಯಾವಾಗಲೂ ಅಂಗೈಯಲ್ಲಿ ಒಂದು ಬಿಳಿ ಕರವಸ್ತ್ರ ಹಿಡಿದಿರುವ ಹೆಂಗಸು. ಬಿಳಿ ಕೋಣೆಯಲ್ಲಿ ಕೂತು ಮಾಡುವ ಕೆಲಸ, ದೊಡ್ಡ ಕಿಟಕಿ, ಚಳಿಗಾಲದಲ್ಲಿ ಬಿಸಿನೀರು. ಎಲ್ಲಕ್ಕಿಂತ ಹೆಚ್ಚಾಗಿ ಅಲ್ಲಿ ನೆಕ್ಕುವುದಿಲ್ಲ. ಪಕ್ಕದ ಮನೆಯವಳು ಕೇಳಿದಾಗ ಬಾಬೆಟ್ ಹೇಳಿದ್ದು ಇಷ್ಟೇ:

"ನಂಗೆ ಬೇರೇನೂ ಬೇಡ ಕಣೇ. ನನ್ನ ಮಗಳ ನಾಲಗೆ ಕೆಂಪಗೆ ಉಳೀಲಿ, ಸಾಕು."

ಆದರೆ ಬಿಳಿ ಕೋಣೆಗೆ ಸೇರಿಸುವ ಮುಂಚೆ ಮನೆ ನೋಡುವುದು ರೂಢಿ. ಬಾಬೆಟ್ ಒಂದು ವಾರ ನೆಲ ತಿಕ್ಕಿದಳು. ಹಾಸಿಗೆಯ ಬಟ್ಟೆ ಮೂರು ಸಲ ಬೂದಿನೀರಲ್ಲಿ ಕುದಿಸಿದಳು. ಒಟ್ಟೀಲಿ ಬಂದಳು, ಕೊಟ್ಟ ಕುರ್ಚಿಯಲ್ಲಿ ಕೂರಲಿಲ್ಲ. ಕರವಸ್ತ್ರದಿಂದ ಮೇಜು ಒರೆಸಿದಳು, ಬಿಳಿಯೇ. ದಿಂಬು ಒರೆಸಿದಳು, ಬಿಳಿಯೇ. ಬ್ರೆಡ್ ಕೊಯ್ಯುವ ಹಲಗೆ, ಬಾಗಿಲ ಹಿಡಿ, ಎಲ್ಲ ಬಿಳಿಯೇ. ಬಾಬೆಟ್ ಉಸಿರು ಬಿಟ್ಟಳು. ಆಗ ಒಟ್ಟೀಲಿ ಎರ್ನಾಳನ್ನು ಹತ್ತಿರ ಕರೆದು ಅವಳ ಕಿವಿಯ ಹಿಂದೆ ಕರವಸ್ತ್ರ ಒತ್ತಿ ತಿಕ್ಕಿದಳು.

ಕಂದು ಬಂತು. ಬೆಳಿಗ್ಗೆ ಬಾಬೆಟ್ ಮಗಳಿಗೆ ಜಡೆ ಹೆಣೆದಿದ್ದಳು.

"ನೀವು ಬೇಜಾರ್ ಮಾಡ್ಕೋಬೇಡಿ ಫ್ರೌ ಲೋನರ್," ಎಂದು ಒಟ್ಟೀಲಿ ಕರವಸ್ತ್ರವನ್ನು ಕಲೆ ಒಳಗೆ ಬರುವಂತೆ ಮಡಿಸಿದಳು. "ಬಿಳಿಗೆ ಯಾರ ಮುಲಾಜೂ ಇಲ್ಲ. ಹುಡುಗಿ ಚೆನ್ನಾಗಿದಾಳೆ. ಆದ್ರೆ ಈ ಮನೇಲಿ ಇರೋ ಹಾಗಿಲ್ಲ. ನಮ್ಮ ಚಿಕ್ಕಮ್ಮನ ಮನೇಲಿ ಇರ್ಲಿ. ಭಾನುವಾರ ಬೇಕಾದ್ರೆ ನೋಡ್ಕೊಂಡು ಹೋಗಿ. ಮುಟ್ಬೇಡಿ, ಅಷ್ಟೇ."

"ತಲೆ ಬಾಚೋದು?" ಎಂದಳು ಬಾಬೆಟ್. ಅಂಥ ಹೊತ್ತಿನಲ್ಲಿ ಕೇಳುವ ಮಾತೇ ಅದು? ಅವಳಿಗೆ ಅದೇ ಬಾಯಿಗೆ ಬಂತು.

"ಬಾಚ್ಕೊಳ್ಳೋ ವಯಸ್ಸಾಗಿದೆಯಲ್ಲಮ್ಮ ಅವಳಿಗೆ," ಎಂದು ಒಟ್ಟೀಲಿ ಹೊರಟಳು.

ಬಾಬೆಟ್ ಒಪ್ಪಿದಳು. ಒಪ್ಪದೆ ಏನು ಮಾಡುವುದು? ಕೆಂಪು ನಾಲಗೆ ಬೇಕು ಎಂದವಳು ಅವಳೇ. ಮೊದಲ ಭಾನುವಾರಗಳಲ್ಲಿ ನದಿಯ ಪಕ್ಕದ ಬೆಂಚಿನಲ್ಲಿ ಇಬ್ಬರೂ ಕೂರುತ್ತಿದ್ದರು, ನಡುವೆ ಒಂದು ಮೊಳ ಬಿಟ್ಟು. ಎರ್ನಾ ಅಳುತ್ತಿದ್ದಳು. ಚಳಿಗಾಲದ ಹೊತ್ತಿಗೆ ಅಳು ನಿಂತಿತ್ತು, ಮೊಳ ಮಾರಾಗಿತ್ತು. ಬೆಂಚಿನ ಮೇಲೆ ಕರವಸ್ತ್ರ ಹಾಸಿ ಕೂರುವುದನ್ನು ಹುಡುಗಿ ಕಲಿತಿದ್ದಳು. ಬಾಬೆಟ್ ಮಾಡಿ ತಂದ ಶುಂಠಿ ರೊಟ್ಟಿಯನ್ನು ಕಾಗದದ ಸಮೇತ ತೆಗೆದುಕೊಂಡು ಪಕ್ಕಕ್ಕಿಡುತ್ತಿದ್ದಳು. ಒಂದು ದಿನ ಮೂಗು ಸುಕ್ಕಿಸಿ ಕೇಳಿಯೇಬಿಟ್ಟಳು:

"ಅಮ್ಮ, ನಿನ್ನ ಮೈ ನಾತ ನಿಂಗೆ ಗೊತ್ತೇ ಆಗಲ್ವಾ?"

"ಆಗುತ್ತೆ ಕಣವ್ವ," ಎಂದಳು ಬಾಬೆಟ್. "ಇಪ್ಪತ್ತೇಳು ವರ್ಷದಿಂದ ಆಗ್ತಾನೇ ಇದೆ."

ಮುಂದಿನ ವಸಂತದಲ್ಲಿ ಯಜಮಾನ ಡಾಯ್ಬ್ಲರ್‌ಗೆ ಶಾಲೆಯ ಮಕ್ಕಳಿಗೆ ಹೊಸ ಡಬ್ಬಿ ಮಾಡುವ ಹುಕಿ ಬಂತು. ಅದರಲ್ಲಿ ಮುಖ ಬರೆಯಲು ಚರ್ಮದ ಬಣ್ಣದ ಒಂದು ಪೆನ್ಸಿಲ್ ಇರಬೇಕೆಂದ. ಅದಕ್ಕೆ ಬಿಳಿಯೇ ಮುಖ್ಯ, ಹಾಗಾಗಿ ಕೆಲಸ ಬಿಳಿ ಕೋಣೆಗೆ ಬಂತು. ಬಿಳಿಗೆ ಚೂರು ಕೆಂಪು, ಚೂರು ಹಳದಿ ಸೇರಿಸಿ ಕಲಸಿದರು. ಯಜಮಾನ ಕಾಗದದ ಮೇಲೆ ತೀಡಿ ನೋಡಿ ಎಸೆದ. ಎರಡನೆಯ ಸಲವೂ ಎಸೆದ. ಮೂರನೆಯ ಸಲ ಕೂಗಾಡಿದ.

"ಇದೇನು ಮನುಷ್ಯನ ಚರ್ಮನಾ? ಬೇಯ್ಸಿದ ಹಂದಿ! ನನ್ನ ಹೆಸರಿನ ಡಬ್ಬೀಲಿ ಹಂದಿ ಮಾರ್ಬೇಕಾ ನಾನು?"

ಏನು ಕಡಿಮೆ ಎಂದು ಬಣ್ಣ ಬಲ್ಲ ಯಾರಿಗಾದರೂ ಗೊತ್ತು. ಒಂದು ಚಿಟಿಕೆ ಕಂದು. ಅದಿಲ್ಲದೆ ಚರ್ಮ ಚರ್ಮವಾಗುವುದಿಲ್ಲ. ಒಟ್ಟೀಲಿಗೂ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ. ಕೊನೆಗೆ ಈಗಿನ ಮೇಸ್ತ್ರಿ ಶೋರ್ಶ್ ಹೇಳಿದ. ಬಾಯಿ ಹರುಕನಾದರೂ ಕೆಟ್ಟವನಲ್ಲ.

"ಎಷ್ಟು ಹಾಕ್ಬೇಕು ಅನ್ನೋದು ಕೆಳಗಿನ ಬಾಬೆಟ್‌ಗೇ ಗೊತ್ತು ಯಜಮಾನ್ರೆ. ಚೂರು ಹೆಚ್ಚಾದ್ರೆ ಕೊಪ್ಪರಿಗೆಯೇ ಹೋಯ್ತು. ಅವಳನ್ನ ಮೇಲಕ್ಕೆ ಕರೀಬೇಕು."

ಬಿಳಿ ಮೆಟ್ಟಿಲಿನಲ್ಲಿ ಕಂದು ಕೋಣೆಯವಳು! ಅರ್ಧ ಗಂಟೆ ಚರ್ಚೆಯಾಯಿತು. ಆಮೇಲೆ ಒಂದು ಉಪಾಯ ಹುಡುಕಿದರು. ಹಳೆಯ ವರ್ತಮಾನ ಪತ್ರಿಕೆಗಳನ್ನು ಮೆಟ್ಟಿಲ ಮೇಲೆ ಹಾಸುವುದು, ಬಾಬೆಟ್ ಅದರ ಮೇಲೆ ಕಾಲಿಟ್ಟು ಬರುವುದು, ಎರಡೂ ಕೈಯನ್ನು ಮೈಗೆ ಒತ್ತಿ ಹಿಡಿದು, ಕಟಕಟೆ ಮುಟ್ಟದೆ. ಪತ್ರಿಕೆ ಹಾಸುವ ಕೆಲಸ ಬಿಳಿ ಕೋಣೆಯಲ್ಲಿ ಎಲ್ಲರಿಗಿಂತ ಹೊಸಬಳದು. ಗುಡಿಸುವುದು, ತೊಳೆಯುವುದು, ಒರೆಸುವುದು ಎಲ್ಲ ಹೊಸಬಳದೇ. ಹೊಸಬಳು ಎರ್ನಾ.

ಬಾಬೆಟ್ ಕಂದು ಪುಡಿಯ ಸಣ್ಣ ಡಬ್ಬಿ ಹಿಡಿದು ಮೆಟ್ಟಿಲ ಬುಡಕ್ಕೆ ಬಂದಾಗ ಮಗಳು ಬಗ್ಗಿ ಮೊದಲ ಹಾಳೆ ಹಾಸುತ್ತಿದ್ದಳು. ತಲೆ ಎತ್ತಲಿಲ್ಲ. ಒಂದು ಹಾಳೆ, ಒಂದು ಮೆಟ್ಟಿಲು. ಎರ್ನಾ ಹಿಂದಕ್ಕೆ ಹಿಂದಕ್ಕೆ ಹತ್ತುತ್ತ ಹಾಸಿದಳು, ಬಾಬೆಟ್ ಮುಂದಕ್ಕೆ ಹತ್ತಿದಳು. ಮೂವತ್ತೆರಡು ಮೆಟ್ಟಿಲು.

"ಅಮ್ಮ, ಅಂಚಿಗೆ ಕಾಲಿಡ್ಬೇಡ," ಎಂದು ನಡುವೆ ಎರ್ನಾ ಪಿಸುಗುಟ್ಟಿದಳು. "ಅವರು ನೋಡ್ತಿದಾರೆ."

"ಇಡಲ್ಲ."

"ಕೈ. ಕೈ ಒಳಗಿಟ್ಕೋ."

"ಇಟ್ಕೊಂಡಿದೀನಲ್ಲವ್ವ."

ಮೇಲೆ ಬಿಳಿ ಕೋಣೆಯವರೆಲ್ಲ ಗೋಡೆಗೆ ಒತ್ತಿ ನಿಂತಿದ್ದರು. ಒಬ್ಬಳು ಮೂಗಿಗೆ ಏಪ್ರನ್ನಿನ ಅಂಚು ಹಿಡಿದಿದ್ದಳು. ಇವರ ಕಡ್ಡಿಗಳನ್ನು ಇಷ್ಟು ವರ್ಷ ನೆಕ್ಕಿದ ನಾಲಗೆ ತನ್ನ ಬಾಯಲ್ಲೇ ಇದೆ ಎಂದು ಬಾಬೆಟ್‌ಗೆ ನೆನಪಾಯಿತು, ಅಲ್ಲೇ ಉಗುಳಬೇಕೆನಿಸಿತು. ಉಗುಳಲಿಲ್ಲ. ಕೊಪ್ಪರಿಗೆಯ ಮುಂದೆ ನಿಂತು ಹಂದಿಬಣ್ಣದ ಮುದ್ದೆಯನ್ನು ನೋಡಿದಳು. ಡಬ್ಬಿಯಿಂದ ಒಂದು ಚಿಟಿಕೆ ಉದುರಿಸಿ, ಅಂಗಿಯ ತೋಳು ಮಡಿಸಿ, ಮೊಣಕೈ ತನಕ ಕೈ ಇಳಿಸಿ ಕಲಸಿದಳು. ಕೋಣೆಯಲ್ಲಿ ಯಾರೋ ಅಯ್ಯೋ ಎಂದರು. ಇನ್ನೂ ಅರ್ಧ ಚಿಟಿಕೆ. ಮತ್ತೆ ಕಲಸಿ, ಒಂದು ಬೆರಳಷ್ಟು ತೆಗೆದು ಕಾಗದಕ್ಕೆ ತೀಡಿದಳು.

ಚರ್ಮ ಬಂದಿತ್ತು. ಬಿಸಿಲಿಗೆ ಆಡಿ ಬಂದ ಮಗುವಿನ ಕೆನ್ನೆ.

ಯಜಮಾನನಿಗೆ ಖುಷಿಯೋ ಖುಷಿ. ಕಾಗದವನ್ನು ಕಿಟಕಿಗೆ ಹಿಡಿದು ನೋಡಿದ, ತನ್ನ ಕೈಯ ಪಕ್ಕಕ್ಕೆ ಹಿಡಿದು ನೋಡಿದ, ಪಕ್ಕದಲ್ಲಿ ನಿಂತಿದ್ದ ಎರ್ನಾಳ ಕೆನ್ನೆಗೂ ಹಿಡಿದ. ಆಗ ಅವನಿಗೆ ಏನೋ ಹೊಳೆಯಿತು.

"ಅರೆ ಬಾಬೆಟ್, ಈ ಹುಡುಗಿ ಮೂತಿ ನಿನ್ನ ಥರಾನೇ ಇದೆಯಲ್ಲಮ್ಮ. ಏನೇ ಹುಡುಗಿ, ಇವಳು ನಿನ್ನ ತಾಯಿನಾ?"

ಎರ್ನಾ ಒಟ್ಟೀಲಿಯ ಕಡೆ ನೋಡಿದಳು, ಕೈಯಲ್ಲಿದ್ದ ಪತ್ರಿಕೆಗಳ ಕಡೆ ನೋಡಿದಳು.

"ಇವರು ಕೆಳಗಿನ ಕೋಣೆಯವರು, ಸಾರ್," ಎಂದಳು.

ಯಜಮಾನ ಬಾಬೆಟ್ ಕಡೆ ತಿರುಗಿದ. ಬಾಬೆಟ್‌ಗೆ ಬಾಯಲ್ಲಿ ಹಳೆಯ ಕೊಬ್ಬಿನ ರುಚಿ ತುಂಬಿ ಬಂತು. ಮಗಳ ಮೇಲೆ ಹೇಸಿಗೆಯಾಯಿತು. ಹೆತ್ತವಳಿಗೆ ಹಾಗಾಗಬಾರದು, ಆದರೆ ಆಯಿತು.

"ಹೌದು ಸ್ವಾಮಿ, ಕೆಳಗಿನವಳೇ. ನಂಗೆಲ್ಲಿಂದ ಬರ್ಬೇಕು ಇಷ್ಟು ಕ್ಲೀನಾದ ಮಗಳು," ಎಂದಳು.

"ಸರಿ ಬಿಡು. ಏನಾದ್ರೂ ಬೇಕಾದ್ರೆ ಕೇಳು. ನಾನು ಇವತ್ತು ಒಳ್ಳೇ ಮನಸ್ಸಲ್ಲಿದೀನಿ."

ಅವಳು ಏನು ಬೇಕಾದರೂ ಕೇಳಬಹುದಿತ್ತು. ಮಗಳು ಮನೆಯಲ್ಲೇ ಇರಲಿ ಎನ್ನಬಹುದಿತ್ತು. ಬುಟ್ಟಿ ಇಳಿಸುವುದು ನಿಲ್ಲಿಸಿ ಎನ್ನಬಹುದಿತ್ತು. ಶೋರ್ಶ್ ಯಜಮಾನನ ಹಿಂದಿನಿಂದ, ಕೇಳೇ ಕೇಳೇ ಎಂದು ಕಣ್ಣಲ್ಲೇ ಹೇಳುತ್ತಿದ್ದ.

"ಆ ಪೇಪರ್ ತೆಗೆಸಿ ಸ್ವಾಮಿ," ಎಂದಳು ಬಾಬೆಟ್. "ಜಾರ್ತವೆ. ಬೀಳ್ತೀನಿ. ಕಟಕಟೆ ಹಿಡ್ಕೊಂಡು ಇಳಿದು ಹೋಗ್ತೀನಿ."

ಯಜಮಾನ ನಕ್ಕು ಹೂಂ ಎಂದ. ಒಟ್ಟೀಲಿ ಬಾಯಿ ತೆರೆದಳು, ಯಜಮಾನನ ಮುಂದೆ ಮುಚ್ಚಿಕೊಂಡಳು. ಬಾಬೆಟ್ ಡಬ್ಬಿಯಲ್ಲಿ ಉಳಿದ ಕಂದು ಪುಡಿಯನ್ನು ಅಂಗೈಗೆ ಸುರಿದುಕೊಂಡು, ಎರಡೂ ಕೈಗೆ ಚೆನ್ನಾಗಿ ತೀಡಿಕೊಂಡು, ಬಿಳಿ ಕಟಕಟೆಯನ್ನು ಗಟ್ಟಿಯಾಗಿ ಹಿಡಿದಳು. ಅವಳ ಕೈ ಎಂದೂ ಕೊಬ್ಬಿಲ್ಲದೆ ಒಣಗಿರುವ ಕೈಯಲ್ಲ. ಒಂದೊಂದು ಮೆಟ್ಟಿಲಿಗೂ ನಿಂತು, ಬೆರಳು ಅಗಲಿಸಿ, ಒತ್ತಿ ಒತ್ತಿ ಇಳಿದಳು. ಇದನ್ನು ತೊಳೆಯುವವರು ಯಾರು ಎಂದು ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊದಲ ಮೆಟ್ಟಿಲಲ್ಲೇ ಗೊತ್ತಿತ್ತು, ಮೂವತ್ತೆರಡನೆಯದರಲ್ಲೂ ಗೊತ್ತಿತ್ತು.

ಎರ್ನಾ ಮೂರು ದಿನ ತಿಕ್ಕಿದಳು. ಬೂದಿನೀರು, ಮರಳು, ಕುಂಚ. ಕೊಬ್ಬು ಕಲೆತ ಕಂದು ಬಿಳಿ ಬಣ್ಣದ ಒಳಕ್ಕೆ ಇಳಿದಿತ್ತು, ಮಾಸಿತೇ ಹೊರತು ಹೋಗಲಿಲ್ಲ. ಮರದಿಂದ ಬಿಡದ ಬಣ್ಣ ಹುಡುಗಿಯ ಕೈಗೆ ಮಾತ್ರ ಸಲೀಸಾಗಿ ಬಂತು. ಬೂದಿನೀರಿಗೆ ಬಿರಿದ ಬೆರಳಿನ ಸೀಳಿನಲ್ಲಿ, ಉಗುರಿನ ಸಂದಿಯಲ್ಲಿ ಕೂತಿತು. ಶನಿವಾರ ಒಟ್ಟೀಲಿ ಎಲ್ಲರ ಉಗುರಿಗೂ ಕರವಸ್ತ್ರ ಒತ್ತಿ ನೋಡುವ ದಿನ. ಎರ್ನಾಳ ಸರದಿ ಬಂದಾಗ ಒತ್ತಿಯೂ ನೋಡಲಿಲ್ಲ. ದೂರದಿಂದಲೇ ಬಾಗಿಲು ತೋರಿಸಿದಳು.

"ಕೆಳಗೆ ಹೋಗಮ್ಮ," ಎಂದಳು, ಅಷ್ಟೇ.

ಸೋಮವಾರ ಬೆಳಿಗ್ಗೆ ಶೋರ್ಶ್ ಹುಡುಗಿಯನ್ನು ಕಂದು ಕೋಣೆಗೆ ಕರೆತಂದು ಬಾಬೆಟ್‌ಳ ಪಕ್ಕದ ಮುಕ್ಕಾಲಿಯಲ್ಲಿ ಕೂರಿಸಿದ. "ನಿನ್ನ ಕೂಸು ನಿಂಗೇ ಬಂತಲ್ಲಮ್ಮ, ತಗೋ," ಎಂದು ತಮಾಷೆ ಮಾಡಲು ಹೋಗಿ, ಇಬ್ಬರ ಮುಖ ನೋಡಿ ಹೊರಟುಹೋದ.

ಹಗ್ಗದಲ್ಲಿ ಬುಟ್ಟಿ ಇಳಿಯಿತು. ಬಿಳಿ ಕೋಣೆಯಿಂದ ಹೊಸ ಚರ್ಮದ ಬಣ್ಣದ ಮೊದಲ ಕಡ್ಡಿಗಳು.

"ಅದನ್ನ ನಾನು ನೋಡ್ತೀನಿ," ಎಂದು ಬಾಬೆಟ್ ಬುಟ್ಟಿ ಎಳೆದುಕೊಂಡಳು. "ನೀನು ಕಡ್ಡಿ ಎಣಿಸಿ ಇಡು. ನಾಲಗೆಗೆ ಹಾಕ್ಬೇಡ."

"ಎಷ್ಟು ದಿನ ಹಾಕದೆ ಇರ್ಲಿ?" ಎಂದಳು ಎರ್ನಾ. ಕಣ್ಣು ಒಣಗಿತ್ತು. "ನೀನು ಬೇಕು ಅಂತಾನೇ ಮಾಡಿದ್ದು, ಅಲ್ವಾ?"

ಬಾಬೆಟ್ ಸುಳ್ಳು ಹೇಳಲಿಲ್ಲ. "ಹೂಂ ಕಣೇ," ಎಂದಳು. "ಬೇಕು ಅಂತಾನೇ."

ಎರ್ನಾ ಬುಟ್ಟಿಯಿಂದ ಒಂದು ಕಡ್ಡಿ ಎತ್ತಿ ಮುರಿದಳು. ಮುರಿದ ತುದಿಯನ್ನು ನೋಡಿದಳು, ಕಣ್ಣು ಮುಚ್ಚಿ ನಾಲಗೆ ಚಾಚಿದಳು. ಕೆಂಪು ನಾಲಗೆ. ಕೊಬ್ಬಿನ ರುಚಿ ತಗುಲಿದೊಡನೆ ಮುಕ್ಕಾಲಿಯಿಂದ ಬಗ್ಗಿ ಮೂಲೆಯ ಬಕೆಟ್ಟಿಗೆ ಕಾರಿಕೊಂಡಳು. ಬಾಬೆಟ್ ಎದ್ದು ಬಂದು, ಬಿಚ್ಚಿ ಮುಖಕ್ಕೆ ಬಿದ್ದಿದ್ದ ಅವಳ ಕೂದಲನ್ನು ಎರಡೂ ಕೈಯಿಂದ ಒಟ್ಟುಮಾಡಿ ಹಿಂದಕ್ಕೆ ಹಿಡಿದಳು. ಒಂದು ವರ್ಷವಾಗಿತ್ತು ಆ ಕೂದಲು ಮುಟ್ಟಿ. ಎರ್ನಾ ಕೊಡವಿಕೊಳ್ಳಲಿಲ್ಲ. ಬಾಯಿ ಒರೆಸಿಕೊಂಡು, ಅದೇ ಕಡ್ಡಿಯನ್ನು ಮತ್ತೆ ನಾಲಗೆಗೆ ಇಟ್ಟಳು.

"ಅಂಟುತ್ತಾ?" ಎಂದು ಬಾಬೆಟ್ ಕೇಳಿದಳು.

"ಇಲ್ಲಮ್ಮ. ಅಂಟಲ್ಲ."

ಅವಳ ಕೈಯಲ್ಲಿ ಮಗಳ ಕೂದಲು ಬೆಚ್ಚಗಿತ್ತು, ಎದೆ ಹಿಗ್ಗುತ್ತಿತ್ತು. ಈ ವಾಂತಿಯ ಬಕೆಟ್ಟಿನ ಪಕ್ಕದಲ್ಲಿ, ಇಂಥ ಹೊತ್ತಿನಲ್ಲಿ ಹಿಗ್ಗುವ ಎದೆಯ ಮೇಲೆ ಬಾಬೆಟ್‌ಗೆ ಹೇಸಿಗೆ ಹುಟ್ಟಿತು. ಜನ್ಮದಲ್ಲಿ ಯಾವ ಕೊಬ್ಬಿಗೂ ಅಷ್ಟು ಹೇಸಿಕೊಂಡಿರಲಿಲ್ಲ. ಆದರೂ ಅವಳು ಕೂದಲನ್ನು ಮೂರು ಪಾಲು ಮಾಡಿ ಜಡೆ ಹೆಣೆಯಲು ಶುರುಮಾಡಿದಳು.